ಶರದೃತುವಿಗೆ ಯಾವ ಹಾಡು? ಕರೋಕೆ ಹಾಡುವವರಿಗೊಂದು ಕೈಮರ

ಕೃಷ್ಣೆಯ ನೆರೆ ಇಳಿದು, ಎರೆಹೊಲಗಳಲ್ಲಿ ಬಿಳಿಜೋಳದ ಬಿತ್ತನೆ ನಡೆಯುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹಾಡಿನ ದಿನಗಳು ಶುರುವಾಗುತ್ತವೆ. ಮಹಾನವಮಿಯ ಘಟ್ಟ ಹಾಕಿದಂದಿನಿಂದ ಗೌರಿ ಹುಣ್ಣಿಮೆಯವರೆಗೆ ಗುಡಿಯಲ್ಲಿ ಭಜನೆ, ಮಠದಲ್ಲಿ ದೇವಿ ಪುರಾಣ, ಓಣಿಯಲ್ಲಿ ಕೋಲಾಟ, ನಡುವೆ ನವೆಂಬರ್ 1ರ ರಾಜ್ಯೋತ್ಸವ. ಇವುಗಳ ಜೊತೆಗೆ ಈಗ ಕರೋಕೆಯೂ ಬಂದು ಸೇರಿದೆ. ಒಂದು ಮೊಬೈಲ್, ಒಂದು ಸ್ಪೀಕರ್, ಒಂದು ಮೈಕ್ ಇದ್ದರೆ ಸಾಕು. ಟ್ರ್ಯಾಕ್ ಹಾಕಿಕೊಂಡು ಯಾರು ಬೇಕಾದರೂ ಹಾಡಬಹುದು.

ಯಂತ್ರ ಹೊಸದು. ಹೊತ್ತಿಗೆ ತಕ್ಕ ಹಾಡು ಆರಿಸುವ ವಿದ್ಯೆ ಮಾತ್ರ ಈ ಸೀಮೆಗೆ ತಲೆಮಾರುಗಳಿಂದ ಗೊತ್ತಿರುವಂಥದು. ಆ ವಿದ್ಯೆಯನ್ನು ಕರೋಕೆಗೆ ಹೇಗೆ ಒಗ್ಗಿಸಿಕೊಳ್ಳಬಹುದು ಎಂಬುದೇ ಈ ಅಧ್ಯಾಯದ ವಿಷಯ.

ಕೋಬೆಯಿಂದ ಬಂದ ಯಂತ್ರ

1971ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಇನೊವೆ ದೈಸುಕೆ ಎಂಬ ವಾದ್ಯಗಾರ ಈ ಯಂತ್ರವನ್ನು ರೂಪಿಸಿದ. ಮದ್ಯದಂಗಡಿಗಳಲ್ಲಿ ಗಿರಾಕಿಗಳು ಹಾಡುವಾಗ ಸಾಥ್ ಕೊಡುವುದು ಅವನ ಕಸುಬು. ಗಿರಾಕಿಯೊಬ್ಬ ಪ್ರವಾಸಕ್ಕೆ ಜೊತೆಯಲ್ಲಿ ಬಾ ಎಂದು ಕರೆದಾಗ ಇನೊವೆಗೆ ಹೋಗಲಾಗಲಿಲ್ಲ. ಬದಲಿಗೆ, ಆ ಗಿರಾಕಿಯ ದನಿಗೆ ಹೊಂದುವ ಹಾಗೆ ವಾದ್ಯ ನುಡಿಸಿ ಟೇಪಿನಲ್ಲಿ ತುಂಬಿಸಿ ಕೊಟ್ಟ. ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆ ಹುಟ್ಟಿದ್ದು ಇದರಿಂದಲೇ. ಅದಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ. ಯಂತ್ರ ಊರೂರಿಗೆ ಹರಡಿತು. ಹಾಡುವವನ ದನಿ ನೋಡಿಕೊಂಡು ವಾದ್ಯ ಹೊಂದಿಸುವುದು ಕರೋಕೆಯ ಮೊದಲ ಟೇಪಿನಲ್ಲೇ ಇದ್ದ ಗುಣ. ಇಂದು ನಾವು ಮರೆಯುವುದೂ ಅದನ್ನೇ.

ಜಪಾನಿನಲ್ಲಿ ಋತು ನೋಡಿ ಹಾಡು ಆರಿಸುವ ರೂಢಿ ಗಟ್ಟಿಯಾಗಿದೆ. ಕೆಂಪೇರಿದ ಮೇಪಲ್ ಎಲೆಗಳ ಮೇಲಿನ ‘ಮೊಮಿಜಿ’ ಎಂಬ ಹಾಡು 1911ರಲ್ಲಿ ಶಾಲಾ ಗೀತೆಯಾಗಿ ಬಂದದ್ದು, ಇಂದಿಗೂ ಮಕ್ಕಳ ಬಾಯಲ್ಲಿದೆ. ತಾಕೆಉಚಿ ಮರಿಯಾ 1979ರಲ್ಲಿ ಹಾಡಿದ ‘ಸೆಪ್ಟೆಂಬರ್’ ಎಂಬ ಪಾಪ್ ಗೀತೆಗೆ ತಿಂಗಳ ಹೆಸರೇ ಇದೆ. ನಮ್ಮಲ್ಲಿ ಎಲೆ ಕೆಂಪಾಗುವುದಿಲ್ಲ. ಶರದೃತುವನ್ನು ಗುರುತಿಸಿಕೊಡುವುದು ಹಬ್ಬಗಳ ಸಾಲು.

ಮೊದಲು ಹೊತ್ತು ನೋಡಿ

ನವರಾತ್ರಿಯ ರಾತ್ರಿಗಳಲ್ಲಿ ಮಠ, ಗುಡಿಗಳಲ್ಲಿ ಚಿದಾನಂದಾವಧೂತರ ದೇವಿ ಪುರಾಣ ನಡೆಯುತ್ತದೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಪುರಾಣ ಮುಗಿದ ಮೇಲೆ ಹಾಡುವ ಸರದಿ ಬಂದರೆ ಕೇಳುಗರ ಮನಸ್ಸು ಇನ್ನೂ ಆ ಲಯದಲ್ಲೇ ಇರುತ್ತದೆ. ಅಲ್ಲಿ ಶಿಶುನಾಳ ಶರೀಫರದೋ ಕಡಕೋಳ ಮಡಿವಾಳಪ್ಪನವರದೋ ತತ್ವಪದ, ಇಲ್ಲವೇ ಒಂದು ದೇವಿಸ್ತುತಿ ಸರಿಹೋಗುತ್ತದೆ. ದಸರೆಯ ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆರಗುವ ಹೊತ್ತಿಗೆ ಮನೆ ತುಂಬ ನೆಂಟರು. ಆಗ ಮೂರು ತಲೆಮಾರಿಗೂ ಪರಿಚಯವಿರುವ ಹಳೆಯ ಚಿತ್ರಗೀತೆಗಳೇ ಚಂದ.

ರಾಜ್ಯೋತ್ಸವದ ಹಾಡು ಬೇರೆ ಜಾತಿಯದು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರ ನವೆಂಬರ್ 1ರಂದು ಕನ್ನಡದ ರಾಜ್ಯಕ್ಕೆ ಬಂದವು. ಹಾಗಾಗಿ ಈ ಊರುಗಳಲ್ಲಿ ಆ ದಿನದ ಹಾಡಿಗೆ ತೂಕ ಹೆಚ್ಚು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡನಾಡು’ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಗೀತೆ. ಅದು ಹತ್ತು ದನಿ ಕೂಡಿದಾಗ ಏಳುವ ಹಾಡು, ಒಬ್ಬರೇ ಮೈಕ್ ಹಿಡಿದು ಹಾಡಿದರೆ ಸಪ್ಪೆಯಾಗುತ್ತದೆ. ಒಬ್ಬರು ಮುಂದಾಗಿ ಹಾಡಿ, ಸಭೆ ಪಲ್ಲವಿಗೆ ದನಿಗೂಡಿಸಬೇಕೆಂದಿದ್ದರೆ 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದು ರಾಜಕುಮಾರ್ ಹಾಡಿದ ಕನ್ನಡದ ಹಾಡಿದೆ.

ಹಾಡಿಗೆ ಎದುರು ಹಾಡು

ಹಾಡಿನ ಆಯ್ಕೆ ಎಷ್ಟು ಸೂಕ್ಷ್ಮದ ಕೆಲಸ ಎಂದು ತಿಳಿಯಬೇಕಾದರೆ ಹರದೇಶಿ-ನಾಗೇಶಿ ಮೇಳಗಳನ್ನು ಕೇಳಬೇಕು. ಗೀಗೀ ಪದದ ಈ ವಾಗ್ವಾದದಲ್ಲಿ ಹರದೇಶಿಯವರು ಪುರುಷ ಹೆಚ್ಚೆಂದು, ನಾಗೇಶಿಯವರು ಶಕ್ತಿ ಹೆಚ್ಚೆಂದು ಹಾಡುತ್ತಾರೆ. ದಪ್ಪು, ತುಂತುಣಿ, ತಾಳದ ಜೊತೆ ಬೆಳತನಕ ಸವಾಲು-ಜವಾಬು. ಎದುರಿನವರು ಒಂದು ಪುರಾಣದ ಕಥೆ ಎತ್ತಿ ಸವಾಲು ಹಾಕಿದರೆ ಅದಕ್ಕೆ ಜವಾಬಾಗುವ ಪದವನ್ನೇ ತೆಗೆಯಬೇಕು. ಎಷ್ಟೇ ಇಂಪಾದ ಪದವಾದರೂ ಸವಾಲಿಗೆ ತಾಳೆಯಾಗದಿದ್ದರೆ ಮೇಳ ಸೋತಂತೆ.

ಭಜನೆಯಲ್ಲೂ ಕ್ರಮವಿದೆ. ಗಣಪತಿ ಸ್ತುತಿ, ಗುರುಸ್ತುತಿ ಮೊದಲು, ನಡುರಾತ್ರಿಗೆ ನಿಜಗುಣರ, ಸರ್ಪಭೂಷಣರ ಗಹನವಾದ ಪದಗಳು, ಕೊನೆಗೆ ಮಂಗಳಾರತಿ. ಮೊದಲಿಗೇ ಭಾರವಾದ ಪದ ತೆಗೆದರೆ ಮಂದಿ ಕೂಡುವುದಿಲ್ಲ, ಕೊನೆಯವರೆಗೂ ಹಗುರ ಪದಗಳಲ್ಲೇ ಕಳೆದರೆ ಭಜನೆ ಮನಸ್ಸಿಗಿಳಿಯುವುದಿಲ್ಲ.

ಕರೋಕೆ ಕೂಟದಲ್ಲಿ ನಮಗೆ ಮುಂಚೆ ಹಾಡಿದವರು ಏನು ಹಾಡಿದರು ಎಂದು ಕೇಳಿಸಿಕೊಳ್ಳುವುದೇ ಅಪರೂಪ. ಪ್ರತಿಯೊಬ್ಬರೂ ಮನೆಯಿಂದ ಒಂದು ಹಾಡು ತೀರ್ಮಾನಿಸಿಕೊಂಡು ಬಂದು ಅದನ್ನೇ ಹಾಡಿ ಕೂಡುತ್ತಾರೆ. ಒಂದರ ಬದಲು ಮೂರು ಹಾಡು ಸಿದ್ಧ ಮಾಡಿಕೊಂಡು ಬನ್ನಿ: ಒಂದು ನಿಧಾನದ್ದು, ಒಂದು ಕುಣಿಸುವಂಥದು, ಒಂದು ಭಕ್ತಿಯದು. ಹಿಂದಿನವರು ವಿರಹದ ಹಾಡು ಹಾಡಿದ್ದರೆ ಅದೇ ಭಾವವನ್ನು ಮುಂದುವರಿಸಬೇಕೋ ತಿರುಗಿಸಬೇಕೋ ಎಂದು ಆಗಲೇ ನಿರ್ಧರಿಸಿ. ಹಾಗೆ ಮಾಡಿದರೆ ಬಿಡಿಬಿಡಿ ಹಾಡುಗಳ ಸಂಜೆ ಒಂದು ಮೇಳವಾಗುತ್ತದೆ.

ದನಿಗೆ ತಕ್ಕ ಪಟ್ಟಿ

ಪೇಟಿ ನುಡಿಸುವವರು ಹಾಡುವವರನ್ನು ಮೊದಲು ಕೇಳುವುದು ‘ಯಾವ ಪಟ್ಟಿ?’ ಎಂದು. ಷಡ್ಜವನ್ನು ಪೇಟಿಯ ಎಷ್ಟನೆಯ ಕರಿ ಅಥವಾ ಬಿಳಿ ಮನೆಯಲ್ಲಿ ಹಿಡಿಯಬೇಕು ಎಂಬುದು ಅದರ ಅರ್ಥ. ಸಾಮಾನ್ಯವಾಗಿ ಗಂಡಸರಿಗೆ ಕರಿ ಒಂದರಿಂದ ಕರಿ ಎರಡರವರೆಗೆ, ಹೆಂಗಸರಿಗೆ ಬಿಳಿ ಐದರಿಂದ ಕರಿ ಐದರವರೆಗೆ ಅನುಕೂಲ. ಒಂದು ಸಪ್ತಕದಲ್ಲಿ 12 ಮೆಟ್ಟಿಲು. ಒಂದೊಂದು ಮೆಟ್ಟಿಲು ಏರಿದಾಗ ಕಂಪನ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಿ, 12ನೆಯ ಮೆಟ್ಟಿಲಿಗೆ ಸರಿಯಾಗಿ ಎರಡರಷ್ಟಾಗುತ್ತದೆ.

ಕರಿ ನಾಲ್ಕರಲ್ಲಿ ಗಾಯಕಿಯೊಬ್ಬರು ಹಾಡಿದ ಗೀತೆಯನ್ನು ಕರಿ ಎರಡರ ಗಂಡಸು ಹಾಡಬೇಕೆನ್ನಿ. ಮೂಲ ಟ್ರ್ಯಾಕಿನಲ್ಲೇ ಹಾಡಿದರೆ ಚರಣದ ತಾರಸ್ಥಾಯಿಯಲ್ಲಿ ಗಂಟಲು ಹಿಡಿಯುತ್ತದೆ. ಇಡೀ ಸಪ್ತಕ ಕೆಳಗಿಳಿಸಿ ಹಾಡಿದರೆ ಪಲ್ಲವಿಯ ತಗ್ಗಿನ ಸ್ವರಗಳು ಕೇಳಿಸುವುದೇ ಇಲ್ಲ. ಟ್ರ್ಯಾಕನ್ನು ಐದು ಮೆಟ್ಟಿಲು ಇಳಿಸಿದರೆ ಸರಿಯಾಗಿ ಕರಿ ಎರಡಕ್ಕೆ ಬರುತ್ತದೆ. ಇದಕ್ಕೆ ಮೊಬೈಲ್ ಆ್ಯಪ್‌ಗಳಲ್ಲಿ ಸೌಲಭ್ಯವಿದೆ. ಆದರೆ ಮೂರು-ನಾಲ್ಕು ಮೆಟ್ಟಿಲಿಗಿಂತ ಹೆಚ್ಚು ಇಳಿಸಿದಾಗ ತಬಲಾ, ಕೊಳಲಿನ ನಾದ ಕೆಡಬಹುದು. ಆಗ ಅದೇ ಹಾಡಿಗೆ ಗಂಡುದನಿಗೆಂದೇ ಮಾಡಿದ ಟ್ರ್ಯಾಕ್ ಹುಡುಕುವುದು ಒಳ್ಳೆಯದು.

ಪರೀಕ್ಷೆ ಸುಲಭ. ಹಾಡಿನಲ್ಲಿ ಅತಿ ಎತ್ತರಕ್ಕೆ ಹೋಗುವ ಸಾಲನ್ನು ಮೊದಲೇ ಮೂರು ಸಲ ಹಾಡಿ ನೋಡಿ. ಗದ್ದ ಮೇಲೆದ್ದರೆ, ಕುತ್ತಿಗೆಯ ನರ ಬಿಗಿದರೆ ಎರಡು ಮೆಟ್ಟಿಲು ಇಳಿಸಿ. ಅತಿ ತಗ್ಗಿನ ಸಾಲನ್ನೂ ಹಾಗೆಯೇ ನೋಡಿ. ಎರಡೂ ಆರಾಮಾಗಿ ಬಂದರೆ ಆ ಹಾಡು ನಿಮ್ಮದು. ಕಾರ್ತೀಕದ ಇಬ್ಬನಿ, ಕಬ್ಬು ನುರಿಸುವ ದಿನಗಳ ಹೊಗೆ-ಧೂಳಿಗೆ ಗಂಟಲು ಬಿಗಿಯುವುದುಂಟು. ಅಂಥ ಸಂಜೆ ಇನ್ನೊಂದು ಮೆಟ್ಟಿಲು ಕೆಳಗೇ ಇರಲಿ.

ಇನ್ನೊಂದು ತೊಡಕು ಬ್ಲೂಟೂತ್ ಸ್ಪೀಕರಿನದು. ಮೊಬೈಲಿನ ನಾದ ಬ್ಲೂಟೂತ್ ಮೂಲಕ ಹಾದು ಸ್ಪೀಕರಿನಿಂದ ಹೊರಡುವುದರೊಳಗೆ ಕ್ಷಣದ ಒಂದು ಪಾಲು ತಡವಾಗುತ್ತದೆ. ಮೊಬೈಲಿನಲ್ಲಿ ಸರಿಯುವ ಅಕ್ಷರ ಒಂದು ಕಡೆ, ಕಿವಿಗೆ ಬೀಳುವ ತಾಳ ಇನ್ನೊಂದು ಕಡೆ ಆಗಿ ಹಾಡು ಜಾರುತ್ತದೆ. ವೈರ್ ಹಾಕಿ ಜೋಡಿಸಿದರೆ ಈ ಕಾಟವಿಲ್ಲ.

ಬೀಳಗಿಯ ದನಿ

ಈ ಸೀಮೆಯವರು ಟ್ರ್ಯಾಕ್ ಹುಡುಕುವಾಗ ಮರೆಯಬಾರದ ಒಂದು ಹೆಸರು ಅಮೀರ್‌ಬಾಯಿ ಕರ್ನಾಟಕಿ. ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋಗಿ, 1940ರ ದಶಕದಲ್ಲಿ ಹಿಂದಿ ಚಿತ್ರರಂಗದ ದೊಡ್ಡ ಗಾಯಕಿಯಾಗಿ ಬೆಳೆದವರು. ಅವರ ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರು ಮಾಡಿದರು. ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ (1943) ಚಿತ್ರದಲ್ಲಿ ಅಮೀರ್‌ಬಾಯಿಯವರ ಹಾಡುಗಳು ದೇಶವನ್ನೇ ಮುಟ್ಟಿದವು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. 1940ರ ‘ನರಸೀ ಭಗತ್’ ಚಿತ್ರದಲ್ಲಿ ನರಸಿಂಹ ಮೆಹತಾರ ‘ವೈಷ್ಣವ ಜನ ತೋ’ ಭಜನೆಗೂ ಅವರ ದನಿ ಇದೆ. ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಬಾಳಿನ ಕಥೆಯನ್ನು ಕನ್ನಡದಲ್ಲಿ ಪುಸ್ತಕವಾಗಿ ತಂದಿದ್ದಾರೆ.

ಆ ಕಾಲದ ಹಾಡುಗಳು ಹೊಸಬರಿಗೂ ಒದಗುವಂಥವು. 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದಷ್ಟೇ ಹಿಡಿಸುತ್ತಿತ್ತು. ಹಾಗಾಗಿ ಹಾಡು ಚಿಕ್ಕದು, ವಾದ್ಯಮೇಳ ತೆಳುವು, ಮಾತು ಸ್ಪಷ್ಟ. ಅಕ್ಟೋಬರ್ 2ರ ಗಾಂಧಿ ಜಯಂತಿಗೆ ಬೀಳಗಿಯ ಶಾಲೆಯೊಂದರಲ್ಲಿ ‘ವೈಷ್ಣವ ಜನ ತೋ’ ಹಾಡುವ ಹುಡುಗಿಗೆ, ಇದನ್ನು ನಮ್ಮೂರಿನ ಹೆಣ್ಣುಮಗಳೊಬ್ಬಳು ಹಾಡಿ ದೇಶಕ್ಕೆ ಕೇಳಿಸಿದ್ದಳು ಎಂದು ಗುರುಗಳು ಹೇಳಬೇಕು. ಹಾಡಿನ ಆಯ್ಕೆಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಟ್ರ್ಯಾಕ್ ಇಲ್ಲದ ಹಾಡುಗಳು

ಆ್ಯಪ್‌ನಲ್ಲಿ ಸಿಗುವುದಷ್ಟೇ ಹಾಡು ಎಂದುಕೊಂಡರೆ ಶರದೃತುವಿನ ಅರ್ಧ ಸಂಪತ್ತು ಕೈಬಿಟ್ಟಂತೆ. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೋಗಿ, ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಹೆಣ್ಣುಮಕ್ಕಳು ಗೌರಿಯ ಮುಂದೆ ಹಾಡುವ ಪದಗಳು, ಗೌರಿ ಹುಣ್ಣಿಮೆಗೆ ಬಣ್ಣದ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೋಗುವಾಗಿನ ಹಾಡುಗಳು, ದೀಪಾವಳಿಯ ಆಣೀಪೀಣಿ, ಕುಲಗೋಡ ತಮ್ಮಣ್ಣನವರ ಶ್ರೀಕೃಷ್ಣ ಪಾರಿಜಾತದ ರಂಗಪದಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಟ್ರ್ಯಾಕ್ ಮಾಡಿದವರಿಲ್ಲ. ಟ್ರ್ಯಾಕ್ ಇಲ್ಲದ್ದರಿಂದ ವೇದಿಕೆ ಹತ್ತುವುದಿಲ್ಲ, ವೇದಿಕೆ ಹತ್ತದ್ದರಿಂದ ಹುಡುಗರ ಕಿವಿಗೆ ಬೀಳುವುದಿಲ್ಲ.

ಇದಕ್ಕೆ ದಾರಿ ನಮ್ಮ ಕೈಯಲ್ಲೇ ಇದೆ. ಹಾಡು ಬಲ್ಲ ಅವ್ವ-ಆಯಿಯ ಹತ್ತಿರ ಕುಳಿತು ಮೊಬೈಲಿನಲ್ಲಿ ಪೂರ್ತಿ ಪದ ತುಂಬಿಕೊಳ್ಳಿ. ಭಜನಾ ಮೇಳದ ಪೇಟಿಯವರನ್ನೂ ತಬಲಾದವರನ್ನೂ ಕೂಡಿಸಿ, ಅದೇ ಧಾಟಿಯನ್ನು ದನಿಯಿಲ್ಲದೆ, ಒಮ್ಮೆ ಕರಿ ಒಂದರಲ್ಲಿ, ಒಮ್ಮೆ ಕರಿ ನಾಲ್ಕರಲ್ಲಿ ನುಡಿಸಿ ರೆಕಾರ್ಡ್ ಮಾಡಿ. ಗಂಡುದನಿಗೊಂದು, ಹೆಣ್ಣುದನಿಗೊಂದು ಟ್ರ್ಯಾಕ್ ಸಿದ್ಧವಾಯಿತು. ಇನೊವೆ ಮಾಡಿದ್ದೂ ಇಷ್ಟೇ ಕೆಲಸ. ಪದ ಕಲಿಸಿದವರ ಹೆಸರನ್ನು ರೆಕಾರ್ಡಿನ ಮೊದಲಲ್ಲೇ ಹೇಳಿ ಇಡಿ. ಪ್ರತಿ ಊರಿನ ಕೂಟ ವರ್ಷಕ್ಕೆ ಇಂಥ ಎರಡು ಹಾಡು ಸೇರಿಸಿಕೊಂಡು ಹೋದರೂ, ಈಗ ಶಾಲೆಯಲ್ಲಿರುವ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಶರದೃತುವಿಗೆ ಯಾವ ಹಾಡು ಎಂದು ಹುಡುಕಿದರೆ ಅವರಿಗೆ ತಮ್ಮ ಸೀಮೆಯ ಪದಗಳೇ ಮೊದಲು ಸಿಗುತ್ತವೆ.