ಏರ್ ಬೆಡ್: ದಪ್ಪಕ್ಕಿಂತ ಬೆಸುಗೆ ಮುಖ್ಯ

ಲಕ್ವ ಹೊಡೆದವರನ್ನೋ, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನೋ ಬೆಂಗಳೂರಿನ ಆಸ್ಪತ್ರೆಯಿಂದ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಮನೆಗೆ ಕರೆತರುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆ ಏರ್ ಬೆಡ್ ಎಂದೂ ಬರೆದಿರುವುದುಂಟು. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಮೈತುಂಬ ಗುಳ್ಳೆಗಳಿರುವ ತೆಳು ಹಾಸು ಒಂದು. ಟ್ಯೂಬುಗಳನ್ನು ಅಡ್ಡಡ್ಡ ಸಾಲಾಗಿ ಜೋಡಿಸಿದ ದಪ್ಪ ಹಾಸು ಇನ್ನೊಂದು. ದಪ್ಪ, ಮೆದು, ಗಾಳಿ ತುಂಬುವ ಪಂಪಿನ ಮೇಲಿನ ಬಣ್ಣದ ದೀಪ ನೋಡಿ ಆರಿಸಿದರೆ ಮೋಸ ಹೋಗುವ ಸಂಭವವೇ ಹೆಚ್ಚು. ಹಾಳೆಗಳ ಬೆಸುಗೆ ಹೇಗಿದೆ, ಒಂದು ಕಡೆ ತೂತಾದರೆ ಮನೆಯಲ್ಲೇ ಸರಿಮಾಡಬಹುದೇ, ಕರೆಂಟ್ ಹೋದಾಗ ಗಾಳಿ ಒಳಗೇ ಉಳಿಯುತ್ತದೆಯೇ ಎಂಬ ಮೂರನ್ನು ಮೊದಲು ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥವರಿಗೆ ಏರ್ ಬೆಡ್ ಏಕೆ ಬೇಕು? 1930ರಲ್ಲಿ ಅಮೆರಿಕದ ಯೂಜೀನ್ ಲ್ಯಾಂಡಿಸ್ ಬೆರಳ ತುದಿಯ ಸೂಕ್ಷ್ಮ ರಕ್ತನಾಳದೊಳಗಿನ ಒತ್ತಡವನ್ನು ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಅದು ಸುಮಾರು 32 ಮಿಲಿಮೀಟರ್ ಪಾದರಸದಷ್ಟಿತ್ತು. ಹಿಮ್ಮಡಿ, ಪೃಷ್ಠದ ಮೂಳೆಯಂಥ ಕಡೆ ಅದಕ್ಕಿಂತ ಹೆಚ್ಚಿನ ಒತ್ತಡ ಗಂಟೆಗಟ್ಟಲೆ ಬಿದ್ದರೆ ಆ ಭಾಗಕ್ಕೆ ರಕ್ತ ಸರಿಯಾಗಿ ಹರಿಯದೆ ಮಾಂಸ ಕೊಳೆತು ಹುಣ್ಣಾಗಬಹುದು. ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು ಎಂಬ ಮಾತು ನಮ್ಮಲ್ಲಿ ಬೇರೂರಿದೆ. 1962ರಲ್ಲಿ ಕರ್ನಾಟಕದಲ್ಲೇ ಶುರುವಾದ ಕರ್ಲಾನ್ ಕಂಪನಿ ತೆಂಗಿನ ನಾರಿನ ಹಾಸಿಗೆಯನ್ನು ಮನೆಮಾತು ಮಾಡಿತು. ನಿದ್ದೆಯಲ್ಲೇ ಮಗ್ಗುಲು ಬದಲಿಸುವವರಿಗೆ ಅದು ಚೆನ್ನಾಗಿಯೇ ಇದೆ. ತಾವಾಗಿ ಹೊರಳಲಾರದವರಿಗೆ ಆ ಗಟ್ಟಿತನವೇ ಶತ್ರು.

ಏರ್ ಬೆಡ್ಡಿನ ಹಾಳೆ ಸಾಮಾನ್ಯವಾಗಿ ಪಿವಿಸಿಯದು; ಮೇಲ್ದರ್ಜೆಯದಾದರೆ ಟಿಪಿಯು ಎಂಬ ಪ್ಲಾಸ್ಟಿಕ್ ಲೇಪಿಸಿದ ನೈಲಾನ್ ಬಟ್ಟೆ. ಎರಡು ಹಾಳೆಗಳನ್ನು ಹಿತ್ತಾಳೆಯ ಅಚ್ಚಿನ ಕೆಳಗಿಟ್ಟು ಒತ್ತಿ, ಹೆಚ್ಚಿನ ಆವರ್ತನದ ವಿದ್ಯುತ್ ಹಾಯಿಸುತ್ತಾರೆ. ಹೊರಗಿನಿಂದ ಇಸ್ತ್ರಿಯಂತೆ ಕಾಯಿಸುವ ಕೆಲಸ ಇದಲ್ಲ. ಪಿವಿಸಿಯ ಅಣುಗಳೇ ಕಂಪಿಸಿ ಒಳಗಿನಿಂದ ಬಿಸಿಯಾಗಿ ಎರಡು ಹಾಳೆ ಒಂದಾಗುತ್ತವೆ. ಅಚ್ಚನ್ನು ಎತ್ತುವ ಮೊದಲು ಒತ್ತಿಹಿಡಿದೇ ತಣಿಸಬೇಕು. ಶಾಖ ಸಾಲದಿದ್ದರೆ ಬೆಸುಗೆ ಆಮೇಲೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಅತಿಯಾದರೆ ಅಂಚಿನಲ್ಲಿ ಹಾಳೆ ತೆಳುವಾಗಿ, ಮಡಚಿದಲ್ಲೇ ಸೀಳುತ್ತದೆ. ಗಾಳಿ ತುಂಬಿಸಿ ಬೆಳಕಿಗೆ ಹಿಡಿದರೆ ಒಳ್ಳೆಯ ಬೆಸುಗೆ ಒಂದೇ ಅಗಲದ, ಸುಕ್ಕು ಗುಳ್ಳೆಗಳಿಲ್ಲದ ಪಟ್ಟಿಯಾಗಿ ಕಾಣುತ್ತದೆ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕಾಲಕ್ರಮೇಣ ಹೊರಬಂದು ಹಾಳೆ ಪೆಡಸಾಗುತ್ತದೆ. ವರ್ಷಗಟ್ಟಲೆ ಮಡಚಿಟ್ಟ ಬೆಡ್ಡನ್ನು ನೆಂಟರಿಂದ ಇಸಿದುಕೊಳ್ಳುವವರು ಮಡಿಕೆಗಳನ್ನೇ ಮೊದಲು ನೋಡಬೇಕು.

ಗುಳ್ಳೆಗಳಾಗಲಿ ಟ್ಯೂಬುಗಳಾಗಲಿ ಎರಡು ಗುಂಪಾಗಿ ಎರಡು ಕೊಳವೆಗಳಿಗೆ ಸೇರಿರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಗುಂಪು ಉಬ್ಬಿ ಇನ್ನೊಂದು ಇಳಿಯುವುದರಿಂದ ಒತ್ತಡ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಗುಳ್ಳೆ ಹಾಸಿನಲ್ಲಿ ಒಂದು ಗುಳ್ಳೆ ತೂತಾದರೆ ಆ ಗುಂಪು ಪೂರ್ತಿ ಕುಸಿಯುತ್ತದೆ. ಟ್ಯೂಬಿನದರಲ್ಲಿ ಕೆಟ್ಟ ಟ್ಯೂಬನ್ನಷ್ಟೇ ಬಿಚ್ಚಿ ಬೇರೆ ಹಾಕಬಹುದು. ಟ್ಯೂಬಿನ ಬೆಡ್ಡಿಗೆ ಹೆಚ್ಚು ದುಡ್ಡು ಕೊಡುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ.

ದಪ್ಪಗಿದ್ದಷ್ಟೂ ಹುಣ್ಣು ಕಡಿಮೆಯಲ್ಲವೇ ಎಂದು ಕೇಳಬಹುದು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 1,972 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಹಾಗೆ ಹೇಳುವುದಿಲ್ಲ. ಹಾಸಿಗೆಯ ಮೇಲೆ ಹಾಸುವ ತೆಳು ಏರ್ ಬೆಡ್ಡಿನಲ್ಲಿ ಶೇ 10.7 ಮಂದಿಗೆ, ಹಾಸಿಗೆಯ ಬದಲಿಗೇ ಬಳಸುವ ದಪ್ಪದ್ದರಲ್ಲಿ ಶೇ 10.3 ಮಂದಿಗೆ ಹೊಸ ಹುಣ್ಣಾಯಿತು. ಹಾಗಾದರೆ ಒಳ್ಳೆಯ ಫೋಮ್ ಸಾಲದೇ? ಅದರ ಮುಂದುವರಿಕೆಯಾಗಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ ಹುಣ್ಣಾದವರು ಏರ್ ಬೆಡ್ಡಿನವರಲ್ಲಿ ಶೇ 6.9, ಉತ್ತಮ ದರ್ಜೆಯ ಫೋಮಿನವರಲ್ಲಿ ಶೇ 8.9, ಅಂತರ ಚಿಕ್ಕದೇ. ಆದರೆ ಅಲ್ಲಿ ರೋಗಿಯ ಮಗ್ಗುಲು ಬದಲಿಸಲು ದಾದಿಯರಿದ್ದರು. ನೆಲಮಂಗಲದ ಹಳ್ಳಿಯೊಂದರಲ್ಲಿ ಆ ಕೆಲಸ ಒಬ್ಬ ಸೊಸೆಯ ಇಲ್ಲವೇ ಹೆಂಡತಿಯ ಪಾಲಿಗೆ ಬಂದಿರುತ್ತದೆ. ಅವಳು ಹೊಲಕ್ಕೂ ಹೋಗಬೇಕು. ಬೆಡ್ಡು ಮಗ್ಗುಲು ಬದಲಿಸುವುದನ್ನು ತಪ್ಪಿಸುವುದಿಲ್ಲ, ತಡವಾದ ಹೊತ್ತಿನಲ್ಲಿ ಆಗುವ ಹಾನಿಯನ್ನು ತಗ್ಗಿಸುತ್ತದೆ. ಆ ಸಹಾಯ ಸಣ್ಣದೆಂದು ನಾನು ಒಪ್ಪುವುದಿಲ್ಲ.

ಕರೆಂಟಿನ ಮಾತು ಇಲ್ಲಿಯೇ ಬರುತ್ತದೆ. ಪಂಪು ತಿನ್ನುವುದು ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೇ, ಮನೆಯ ಯುಪಿಎಸ್ ಸಲೀಸಾಗಿ ನಡೆಸುತ್ತದೆ. ಯುಪಿಎಸ್ ಇಲ್ಲದಿದ್ದರೆ ಕೊಳವೆ ಕಳಚಿ ಮುಚ್ಚಳ ಹಾಕುವ ಸೌಲಭ್ಯವಿರುವ ಬೆಡ್ಡನ್ನೇ ಕೇಳಬೇಕು. ಬೆಡ್ಡಿನ ಮೇಲೆ ಕೌದಿ, ರಬ್ಬರ್ ಶೀಟು ಪದರಪದರವಾಗಿ ಹಾಸಿದರೆ ಗಾಳಿಯ ಏರಿಳಿತ ಚರ್ಮಕ್ಕೆ ತಲುಪುವುದೇ ಇಲ್ಲ. ತೆಳು ಹತ್ತಿಯ ದುಪ್ಪಟಿ ಒಂದೇ ಸಾಕು. ಮಲಗಿದವರ ಸೊಂಟದ ನೇರಕ್ಕೆ, ಇಳಿದ ಟ್ಯೂಬುಗಳ ಅಡಿಗೆ ಅಂಗೈ ಮೇಲಾಗಿ ಕೈ ತೂರಿಸಿ ನೋಡಿ. ಮೂಳೆ ಕೈಗೆ ತಾಕಿದರೆ ಪಂಪಿನ ಒತ್ತಡ ಏರಿಸಿ. ಪೂರ್ತಿ ಏರಿಸಿದ ಮೇಲೂ ತಾಕಿದರೆ ಆ ಬೆಡ್ಡು ಆ ಮೈತೂಕಕ್ಕೆ ಸಾಲದು, ಅಂಗಡಿಗೆ ವಾಪಸ್ ಒಯ್ಯಿರಿ.