ನಿಮಗಿದು ಗೊತ್ತೇ? ಕ್ರಿಸ್‌ಮಸ್ ಸಿನಿಮಾದ ನೆಂಟ ದೆವ್ವ

ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಬೇರೆ, ಮಕ್ಕಳು ಮಲಗಿದ ಮೇಲೆ ನೋಡುವ ದೆವ್ವದ ಸಿನಿಮಾ ಬೇರೆ ಎಂದುಕೊಂಡಿದ್ದೀರಾ? ಇಬ್ಬರದೂ ಹಳೆಯ ನೆಂಟಸ್ತಿಕೆ.

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರೊಲ್’ (1843) ಅಪ್ಪಟ ದೆವ್ವದ ಕತೆ. ಸತ್ತ ಪಾಲುದಾರ ಸರಪಳಿ ಎಳೆದುಕೊಂಡು ಬರುತ್ತಾನೆ, ಅವನ ಹಿಂದೆ ಇನ್ನೂ ಮೂರು ಪ್ರೇತಗಳು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಎಂ. ಆರ್. ಜೇಮ್ಸ್ ಎಂಬ ವಿದ್ವಾಂಸರು ತಾವೇ ಬರೆದ ದೆವ್ವದ ಕತೆಗಳನ್ನು ಕ್ರಿಸ್‌ಮಸ್ ರಾತ್ರಿಗಳಲ್ಲಿ ಗೆಳೆಯರಿಗೆ ಓದಿ ಹೇಳುತ್ತಿದ್ದರು. 1971ರಲ್ಲಿ ಬಿಬಿಸಿ ಕ್ರಿಸ್‌ಮಸ್ ಹೊತ್ತಿಗೆ ದೆವ್ವದ ಕಿರುಚಿತ್ರ ತೋರಿಸಲು ಶುರು ಮಾಡಿದಾಗ ಮೊದಲು ಕೈಗೆತ್ತಿಕೊಂಡದ್ದು ಅವರ ಕತೆಯನ್ನೇ.

ರಾಬರ್ಟ್ ಎಗರ್ಸ್‌ರ ‘ನೊಸ್ಫೆರಾಟು’ ಅಮೆರಿಕದಲ್ಲಿ ತೆರೆಕಂಡದ್ದು 2024ರ ಡಿಸೆಂಬರ್ 25ರಂದು. 1838ರ ಜರ್ಮನಿಯ ಕತೆ, ಮನೆಯೊಳಗೆ ಕ್ರಿಸ್‌ಮಸ್ ಮರವೂ ಇದೆ. ತೆರೆಯ ಮೇಲೆ ಕಾಣುವ ಇಲಿಗಳಲ್ಲಿ ಬಹಳಷ್ಟು ನಿಜವಾದವು. ದೀಪದ ಬೆಳಕಿನ ದೃಶ್ಯಗಳು ಎಷ್ಟು ಕಪ್ಪೆಂದರೆ, ಹಗಲು ಹೊತ್ತು ಕಿಟಕಿ ತೆರೆದಿಟ್ಟು ನೋಡಿದರೆ ಅರ್ಧ ಸಿನಿಮಾ ಕೈತಪ್ಪೀತು. ಇತ್ತೀಚಿನ ಹಾರರ್‌ಗಳಲ್ಲಿ ನನಗೆ ಇದೇ ಮೇಲು. ಇದಕ್ಕೆ ಮೂಲವಾದ 1922ರ ಮೂಕಿಚಿತ್ರ, ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿತ್ತು. ಲೇಖಕ ಬ್ರಾಮ್ ಸ್ಟೋಕರ್‌ನ ಪತ್ನಿ ಮೊಕದ್ದಮೆ ಹೂಡಿ, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂಬ ಆದೇಶ ಪಡೆದರು. ಕೆಲವು ಪ್ರತಿಗಳು ಹೇಗೋ ಉಳಿದವು.

‘ದಿ ಎಕ್ಸಾರ್ಸಿಸ್ಟ್’? ಅದೂ 1973ರ ಡಿಸೆಂಬರ್ 26ರಂದು ಬಂದದ್ದು. ಉಸಿರಿನ ಹಬೆ ಕಾಣಲೆಂದು ಮಲಗುವ ಕೋಣೆಯ ಸೆಟ್ಟನ್ನೇ ಯಂತ್ರಗಳಿಂದ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿದ್ದರು.

ಬಾಬ್ ಕ್ಲಾರ್ಕ್ ಎಂಬ ಒಬ್ಬನೇ ನಿರ್ದೇಶಕ ಎರಡೂ ಕಡೆ ಗೆದ್ದ. 1974ರ ‘ಬ್ಲ್ಯಾಕ್ ಕ್ರಿಸ್‌ಮಸ್’ನಲ್ಲಿ ಕೊಲೆಗಾರ ಅಟ್ಟದ ಮೇಲೆ ಅಡಗಿರುತ್ತಾನೆ. 1983ರ ‘ಎ ಕ್ರಿಸ್‌ಮಸ್ ಸ್ಟೋರಿ’ಯಲ್ಲಿ ಪುಟ್ಟ ಹುಡುಗನೊಬ್ಬ ಆಟಿಕೆ ಬಂದೂಕಿಗೆ ಹಂಬಲಿಸುತ್ತಾನೆ. ಅಮೆರಿಕದ ಮನೆಗಳಲ್ಲಿ ಎರಡನೆಯದು ಈಗ ಹಬ್ಬದ ವಾಡಿಕೆ. ನನ್ನ ಮತ ಮೊದಲನೆಯದಕ್ಕೆ.

ಈಗ ಎಲ್ಲರೂ ‘ಒಳ್ಳೆಯ ಸಿನಿಮಾ’ ಎಂದು ಕೊಂಡಾಡುವ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946). ಬಿಡುಗಡೆಯಾದಾಗ ಅದು ನಷ್ಟ ಕಂಡಿತ್ತು. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸದೆ ಬಿಟ್ಟರು. ದುಬಾರಿ ಹಕ್ಕಿನ ತಾಪತ್ರಯ ತಪ್ಪಿತೆಂದು ಟಿವಿ ವಾಹಿನಿಗಳು ಪ್ರತಿ ಡಿಸೆಂಬರ್‌ನಲ್ಲೂ ಹಾಕಿದ್ದೇ ಹಾಕಿದ್ದು. ಜನ ಅದನ್ನು ಮನೆಯಲ್ಲಿ ಕೂತೇ ಮೆಚ್ಚಿಕೊಂಡರು. ಅದರ ಹಿಮವೂ ವಿಶೇಷ. ಆಗೆಲ್ಲ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ನಡೆದರೆ ಕರುಂಕುರುಂ ಸದ್ದು, ಹಾಗಾಗಿ ಮಾತುಗಳನ್ನು ಆಮೇಲೆ ಡಬ್ ಮಾಡಬೇಕಿತ್ತು. ಇಲ್ಲಿ ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸಿಂಪಡಿಸಿದರು. ಬಿರುಬೇಸಿಗೆಯಲ್ಲಿ ಸದ್ದಿಲ್ಲದ ಹಿಮ ಬಿತ್ತು, ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇದ್ಯಾವುದೂ ಅಲ್ಲ. ತಾನು ಹುಟ್ಟಿಯೇ ಇರದ ಲೋಕದಲ್ಲಿ ನಾಯಕ ಅಲೆಯುವ ಭಾಗವಿದೆಯಲ್ಲ, ಅಲ್ಲಿ ಹೆತ್ತ ತಾಯಿಯೇ ಬಾಗಿಲಲ್ಲಿ ನಿಂತು ಅವನ ಗುರುತು ಹಿಡಿಯುವುದಿಲ್ಲ. ಕಟ್ಟಿಕೊಂಡ ಹೆಂಡತಿ ಅವನನ್ನು ಕಂಡು ಕಿರುಚಿ ಮೂರ್ಛೆ ಹೋಗುತ್ತಾಳೆ. ರಕ್ತದ ಒಂದು ಹನಿಯಿಲ್ಲದೆ ಎದೆ ನಡುಗಿಸುವುದೆಂದರೆ ಇದು.

‘ಗ್ರೆಮ್ಲಿನ್ಸ್’ (1984) ಕ್ರಿಸ್‌ಮಸ್ ಕತೆಯಾದರೂ ಬಂದದ್ದು ಜೂನ್‌ನಲ್ಲಿ. ಸಾಂಟಾ ವೇಷದಲ್ಲಿ ಚಿಮಣಿಗೆ ಇಳಿಯಲು ಹೋಗಿ ಸತ್ತ ಅಪ್ಪನ ಬಗ್ಗೆ ಹುಡುಗಿಯೊಬ್ಬಳು ಹೇಳುವ ಮಾತನ್ನು ತೆಗೆಯಿರಿ ಎಂದು ಸ್ಟುಡಿಯೊ ಒತ್ತಾಯಿಸಿತು. ನಿರ್ದೇಶಕ ಜೋ ಡಾಂಟೆ ಜಗ್ಗಲಿಲ್ಲ. ಒಳ್ಳೆಯದೇ ಆಯಿತು. ಇದನ್ನೂ ಅದೇ ವರ್ಷದ ಇಂಡಿಯಾನಾ ಜೋನ್ಸ್ ಚಿತ್ರವನ್ನೂ ಕಂಡು ಗಾಬರಿಯಾದ ಪೋಷಕರಿಂದಾಗಿ ಅಮೆರಿಕದಲ್ಲಿ ಪೋಷಕರನ್ನು ಎಚ್ಚರಿಸುವ ಪಿಜಿ-13 ದರ್ಜೆ ಹುಟ್ಟಿತು.

‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ (1993) ನಿರ್ದೇಶಿಸಿದ್ದು ಹಲವರು ಅಂದುಕೊಂಡಂತೆ ಟಿಮ್ ಬರ್ಟನ್ ಅಲ್ಲ, ಹೆನ್ರಿ ಸೆಲಿಕ್.

ದುಡ್ಡಿನ ಲೆಕ್ಕ ನೋಡಿ. 2024ರ ‘ರೆಡ್ ಒನ್’ಗೆ ಸುಮಾರು 25 ಕೋಟಿ ಡಾಲರ್ ಖರ್ಚು, ಚಿತ್ರಮಂದಿರಗಳಲ್ಲಿ ಅಷ್ಟೂ ವಾಪಸಾಗಲಿಲ್ಲ. ಅದೇ ವರ್ಷ ಸಾಂಟಾ ಅಂಗಿ ತೊಟ್ಟ ಕೊಲೆಗಡುಕ ಕೋಡಂಗಿಯ ‘ಟೆರಿಫೈಯರ್ 3’ ಸುಮಾರು 20 ಲಕ್ಷ ಡಾಲರ್‌ನಲ್ಲಿ ತಯಾರಾಗಿ 9 ಕೋಟಿ ಡಾಲರ್ ಹತ್ತಿರ ಗಳಿಸಿತು. ಫ್ರಾನ್ಸ್‌ನಲ್ಲಿ 18 ತುಂಬದವರಿಗೆ ನಿಷೇಧ. ಮೊದಲನೆಯದು ಸಪ್ಪೆ, ಎರಡನೆಯದು ಅತಿ. ನನಗೆ ಎರಡೂ ಬೇಡ.

ಹಬ್ಬಕ್ಕೂ ದೆವ್ವಕ್ಕೂ ಗಂಟು ಹಾಕಿದ ನಮ್ಮ ದೇಶದ ಸಿನಿಮಾ ಬೇಕೇ? ಹಿಂದಿಯ ‘ಸ್ತ್ರೀ’ (2018). ಚಂದೇರಿಯಲ್ಲಿ ಪೂಜೆಯ ನಾಲ್ಕು ರಾತ್ರಿ ಗಂಡಸರನ್ನು ಹೊತ್ತೊಯ್ಯುವ ಆ ಹೆಣ್ಣು ದೆವ್ವದ ಮೂಲ 1990ರ ದಶಕದ ಬೆಂಗಳೂರು. ಆಗ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದೇ ವದಂತಿ ಕತೆಯಾಯಿತು. ಎರಡನೇ ಭಾಗ 2024ರ ಸ್ವಾತಂತ್ರ್ಯೋತ್ಸವದ ರಜೆಗೇ ಬಂತು.

ಮನೆಯಲ್ಲಿ ನೋಡಲೆಂದೇ ಹುಟ್ಟಿದಂತಿರುವುದು ‘ಹೋಸ್ಟ್’ (2020). ಲಾಕ್‌ಡೌನ್‌ನಲ್ಲಿ ಗೆಳೆಯರು ಝೂಮ್ ಕರೆಯಲ್ಲೇ ಆತ್ಮವನ್ನು ಕರೆಯುತ್ತಾರೆ. ನಿರ್ದೇಶಕ ರಾಬ್ ಸ್ಯಾವೇಜ್ ದೂರದಿಂದಲೇ ಸೂಚನೆ ಕೊಟ್ಟರು. ಕಲಾವಿದರು ತಮ್ಮ ತಮ್ಮ ಮನೆಯಲ್ಲಿ ಕ್ಯಾಮೆರಾ, ದೀಪಗಳನ್ನು ತಾವೇ ಹೊಂದಿಸಿಕೊಂಡರು. ಒಂದು ಗಂಟೆಯೂ ಇಲ್ಲ. ದೊಡ್ಡ ಟಿವಿ ಬಿಟ್ಟು ಲ್ಯಾಪ್‌ಟಾಪ್‌ನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿ.