ದೂರದಿಂದ ಬರುವ ಮನಸ್ಸಿನ ಮದ್ದು

ಸುಟ್ಟ ಕೈಯನ್ನು ತೋರಿಸಿ ರಜೆ ಕೇಳುವ ಅಡಿಗೆಯವನು, ಮನಸ್ಸು ಕುಗ್ಗಿದೆಯೆಂದು ಎಂದೂ ರಜೆ ಕೇಳುವುದಿಲ್ಲ. ವರುಷಗಟ್ಟಲೆ ಹೋಟೆಲಿನ ಗಲ್ಲೆಯಲ್ಲಿ ಕುಳಿತ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ನಿದ್ರೆ ಬಾರದು, ಅನ್ನ ರುಚಿಸದು, ಊರಿಗೆ ಫೋನ್ ಮಾಡಲೂ ಮನಸ್ಸಾಗದು. ಆದರೂ ಅವನು ಬಾಯಿ ಬಿಡಲಾರನು. ಹುಚ್ಚನೆಂದಾರೆಂಬ ಅಂಜಿಕೆ ಒಂದು ಕಡೆ, ಡಾಕ್ಟರರ ಬಳಿಗೆ ಹೋಗಲು ಬಿಡುವಿಲ್ಲದುದು ಇನ್ನೊಂದು ಕಡೆ. ಇಂಥವನಿಗೆ ಚಿಕಿತ್ಸೆಯನ್ನೇ ಅವನಿದ್ದಲ್ಲಿಗೆ ಕಳುಹಿಸಿದರೆ ಹೇಗೆ? ಸ್ವೀಡನ್ ದೇಶದ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಗೆರ್ಹಾರ್ಡ್ ಆಂಡರ್ಸನ್ನರು ಇಪ್ಪತ್ತೈದು ವರುಷಗಳಿಗೂ ಮಿಕ್ಕಿ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ಅವರ ಕ್ರಮವು ಕೇಳಲು ಸರಳವಾಗಿದೆ. ಕಂಪ್ಯೂಟರಿನಲ್ಲಿ ರೋಗಿಗೆ ವಾರಕ್ಕೊಂದು ಪಾಠವು ಬರುವುದು. ಆತನು ಅದನ್ನೋದಿ, ದಿನದಲ್ಲಿ ಏನೇನು ಮಾಡಿದೆ, ಆಗ ಮನಸ್ಸು ಹೇಗಿತ್ತು, ಯಾವ ಯೋಚನೆ ಕಾಡಿತು ಎಂಬುದನ್ನು ಬರೆಯಬೇಕು. ಬಿಟ್ಟುಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮರಳಿ ಹಿಡಿಯಬೇಕು. ಬರೆದುದನ್ನು ಮನೋಚಿಕಿತ್ಸಕರೊಬ್ಬರು ಓದಿ ಉತ್ತರ ಕೊಡುವರು. ಇದಕ್ಕೆ ಅವರಿಗೆ ಹಿಡಿಯುವ ಸಮಯ ವಾರಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ. ಖಿನ್ನತೆಯಿಂದ ಬಳಲುತ್ತಿದ್ದ 117 ಮಂದಿಯನ್ನು ಎರಡು ಪಂಗಡ ಮಾಡಿ ನಡೆಸಿದ ಪರೀಕ್ಷೆಯ ಫಲವನ್ನು ಆಂಡರ್ಸನ್ನರೂ ಸಂಗಡಿಗರೂ 2005ರಲ್ಲಿ ಪ್ರಕಟಿಸಿದರು. ಒಂದು ಪಂಗಡದವರು ತಮ್ಮತಮ್ಮಲ್ಲಿ ಬರಹದ ಮೂಲಕ ಚರ್ಚಿಸಿದರು, ಅಷ್ಟೆ. ಚರ್ಚೆಯೊಡನೆ ಈ ಚಿಕಿತ್ಸೆಯನ್ನೂ ಪಡೆದವರ ಖಿನ್ನತೆಯು ಅವರಿಗಿಂತ ಹೆಚ್ಚು ಇಳಿದಿತ್ತು.

ಹಾಗಾದರೆ ಚಿಕಿತ್ಸಕರ ಹತ್ತು ನಿಮಿಷವನ್ನೂ ಉಳಿಸಿ, ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಬಾರದೇಕೆ? ಲೆಕ್ಕ ಬಲ್ಲ ಯಾವ ವ್ಯಾಪಾರಿಯಾದರೂ ಕೇಳುವ ಪ್ರಶ್ನೆಯಿದು. ಆಂಡರ್ಸನ್ನರೂ ಹಾಲೆಂಡಿನ ಪಿಮ್ ಕುಯ್ಪರ್ಸರೂ 2009ರಲ್ಲಿ ಇಂಥ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಪ್ರಯೋಜನವನ್ನು ಅಳೆಯುವ ಶಾಸ್ತ್ರೀಯ ಮಾನದಲ್ಲಿ, ಹಿಂದೆ ಮನುಷ್ಯನ ನೆರವಿದ್ದ ಚಿಕಿತ್ಸೆಗೆ 0.61, ನೆರವಿಲ್ಲದುದಕ್ಕೆ 0.25! ಬರೆದುದನ್ನು ಓದುವ ಜೀವವೊಂದು ಆಚೆ ಇದೆಯೆಂಬ ಅರಿವಿಲ್ಲದಿದ್ದರೆ, ಅನೇಕರು ಅರ್ಧದಲ್ಲೇ ಪಾಠವನ್ನು ಬಿಟ್ಟುಬಿಡುವರು. ಇಂದು ಮೊಬೈಲಿನಲ್ಲಿ ಮನಶ್ಶಾಂತಿಯನ್ನು ಮಾರುವ ಆ್ಯಪುಗಳಿಗೆ ಹಣ ಕಟ್ಟುವ ಮೊದಲು ಈ ಎರಡು ಅಂಕೆಗಳನ್ನು ನೆನೆಯುವುದು ಒಳ್ಳೆಯದು. ಚಿಕಿತ್ಸಕರ ನೆರವಿದ್ದರೆ ಮಾತ್ರ ಸಂಗತಿ ಬೇರೆ: 2014ರಲ್ಲಿ 13 ಅಧ್ಯಯನಗಳನ್ನು ಹೋಲಿಸಿದಾಗ, ಅಂತರ್ಜಾಲದ ಚಿಕಿತ್ಸೆಯು ಎದುರು ಕುಳಿತು ನೀಡುವ ಚಿಕಿತ್ಸೆಗೆ ಸಮನಾಗಿ ನಿಂತಿತು.

ಪರಸ್ಥಳದಲ್ಲಿರುವ ನಮಗೆ ಹೆಚ್ಚು ಹತ್ತಿರವಾದುದು ಅವರ ಇನ್ನೊಂದು ಕೆಲಸ. ಸ್ವೀಡನ್ನಿಗೆ ವಲಸೆ ಬಂದ ಕುರ್ದಿಶ್ ಮತ್ತು ಅರಬ್ಬಿ ಭಾಷಿಕರಿಗಾಗಿ ಅವರ ತಂಡವು ಈ ಪಾಠಗಳನ್ನು ಅವರವರ ಭಾಷೆಗೂ ರೀತಿನೀತಿಗೂ ಹೊಂದಿಸಿ ಪರೀಕ್ಷಿಸಿತು. ದಿನವಿಡೀ ಮರಾಠಿ, ಹಿಂದಿಯಲ್ಲಿ ಗಿರಾಕಿಗಳೊಡನೆ ಮಾತಾಡುವ ನಮ್ಮ ಹುಡುಗನಿಗೂ ದುಃಖವು ಬರುವುದು ಕನ್ನಡದಲ್ಲೇ ಅಲ್ಲವೇ, ಇಲ್ಲವೇ ತುಳುವಿನಲ್ಲಿ!

ಆಂಡರ್ಸನ್ನರ ಪಾಠಗಳಂತಲ್ಲದಿದ್ದರೂ, ದೂರದಿಂದಲೇ ಒದಗುವ ನೆರವು ನಮ್ಮಲ್ಲಿಯೂ ಉಂಟು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416ಕ್ಕೆ ಹಗಲಿರುಳೂ ಫೋನ್ ಮಾಡಬಹುದು, ಶುಲ್ಕವಿಲ್ಲ. ಮಾತಾಡುವವರು ತರಬೇತಾದ ಸಲಹೆಗಾರರು; ಅಗತ್ಯವಿದ್ದರೆ ವೈದ್ಯರಿಗೆ ಒಪ್ಪಿಸುವರು. ಭಾಷೆಯನ್ನು ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಒಂದು. ಜೀವ ಕಳೆದುಕೊಳ್ಳುವ ಯೋಚನೆ ಬಲವಾಗಿದ್ದವನಿಗೆ ಮಾತ್ರ ವಾರದ ಪಾಠವಾಗಲಿ, ಬರಿಯ ಫೋನಾಗಲಿ ಸಾಲದು; ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಮಾಲೀಕ ಬಂಧುಗಳಲ್ಲಿ ಒಂದು ಅರಿಕೆ. ಎಂಟು ಹತ್ತು ಮಂದಿ ಒಟ್ಟಿಗೆ ಮಲಗುವ ಕೋಣೆಯಲ್ಲಿ ಇಂಥ ಮಾತಿಗೆ ಏಕಾಂತವೆಲ್ಲಿಯದು? ಮಧ್ಯಾಹ್ನದ ಊಟದ ಗದ್ದಲವು ಮುಗಿದ ಮೇಲೆ, ಏಕೆ ಏನೆಂದು ಕೇಳದೆ, ಕೆಲಸಗಾರನಿಗೆ ಅರ್ಧ ಗಂಟೆಯ ಮಟ್ಟಿಗೆ ಉಗ್ರಾಣವನ್ನು ಬಿಟ್ಟುಕೊಟ್ಟರೂ ಆದೀತು.